ಎರಡು ಬೆರಳ ಮೇಲಿನ ಜೆಟ್

ಈಚೆಗೆ ನಾಲ್ಕಾರು ಹುಡುಗ ಹುಡುಗಿಯರು ನನ್ನನ್ನು ಹುಡುಕಿಕೊಂಡು ದೇವನಹಳ್ಳಿ ಹತ್ತಿರದ ವಿಜಯಪುರದ ಮನೆಗೆ ಬರುತ್ತಿದ್ದಾರೆ. ಮಾಡೆಲ್ ವಿಮಾನ ಕಟ್ಟುವ ಕೆಲಸಕ್ಕೆ ಸೇರಿದವರು, ಸೇರಬೇಕೆಂದಿರುವವರು. ಕಾಫಿ ಲೋಟ ಕೆಳಗಿಡುವ ಮೊದಲೇ ಅವರು ಕೇಳುವ ಪ್ರಶ್ನೆ, "ಫೋಮ್ ಜೆಟ್ ಎಷ್ಟು ಸ್ಪೀಡ್ ಹೋಗುತ್ತೆ ಸರ್?" ನನಗೆ ರೇಗುತ್ತದೆ. ಸ್ಪೀಡಂತೆ ಸ್ಪೀಡು. ಬೀಳುವಾಗ ಎಲ್ಲ ವಿಮಾನವೂ ಸ್ಪೀಡಾಗಿಯೇ ಬೀಳುತ್ತದೆ. ನಾನು ತಿರುಗಿ ಕೇಳುವುದು ಒಂದೇ: ನಿಮಗೆ ಅನುಮಾನ ಪಡಲು ಬರುತ್ತದೆಯೇ?

ನಗುತ್ತಾರೆ. ನಗಲಿ. ನನಗೆ ಈ ಕೆಲಸ ಕಲಿಸಿದ್ದು ಅದೊಂದೇ. ಬೆಸುಗೆ ಹಾಕಿದ ವೈರನ್ನು ಎಳೆದು ನೋಡು, ಅಂಟಿಸಿದ ರೆಕ್ಕೆಯನ್ನು ಅಲ್ಲಾಡಿಸಿ ನೋಡು, ನಿನ್ನೆ ಸರಿಯಿದ್ದದ್ದು ಇವತ್ತೂ ಸರಿಯಿದೆ ಎಂದು ನಂಬಬೇಡ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ವೈರು ಬೆಸೆಯುತ್ತಿದ್ದ ಅನ್ವರ್ ನನಗೆ 'ಅನುಮಾನದ ಮುನಿರಾಜು' ಎಂದೇ ಹೆಸರಿಟ್ಟಿದ್ದ. ಈ ಅನುಮಾನ ಕೊನೆಗೆ ಹೊಸಕೋಟೆ ತಾಲ್ಲೂಕಿನ ಒಬ್ಬ ಹೆಣ್ಣುಮಗಳ ರಾಗಿ ಹೊಲದವರೆಗೂ ಹೋಯಿತು. ಆ ಹೊಲ ಅವಳ ಕೈಲಿ ಉಳಿಯುತ್ತದೋ ಹೋಗುತ್ತದೋ ಎನ್ನುವ ಮಾತು ನನ್ನ ಎರಡು ಬೆರಳಿನ ಮೇಲೆ ಬಂದು ಕೂತಿತು. ಅದನ್ನು ಹೇಳಲೆಂದೇ ಬರೆಯಲು ಕೂತಿದ್ದೇನೆ. ಅದಕ್ಕೆ ಮುಂಚೆ ಕೆಲಸ ಎಂಥದ್ದು ಅಂತ ಸ್ವಲ್ಪ ಕೇಳಿ.

ನಮ್ಮದು ಹೊಸಕೋಟೆ ಕಡೆಯ ಒಂದು ಖಾಸಗಿ ವರ್ಕ್‌ಶಾಪು. ಯಜಮಾನರು ದಿವಾಕರ್ ಸರ್. ಶಾಲೆ ಕಾಲೇಜುಗಳಿಗೆ ಮಾಡೆಲ್ ವಿಮಾನ ಕಟ್ಟಿಕೊಡುವುದು, ಅವರ ಸಮಾರಂಭಗಳಲ್ಲಿ ಹಾರಿಸಿ ತೋರಿಸುವುದು. ನಾನು ಸೇರಿದಾಗ ಹಗುರ ಮರದ ಪಟ್ಟಿಗಳನ್ನು ಬ್ಲೇಡಿನಲ್ಲಿ ಕೊಯ್ದು, ಮೇಲೆ ತೆಳು ಕಾಗದ ಹಚ್ಚಿ, ಎಣ್ಣೆ ಕುಡಿಯುವ ಪುಟ್ಟ ಎಂಜಿನ್ ಕೂರಿಸುತ್ತಿದ್ದೆವು. ಆಮೇಲೆ ಫೋಮ್ ಬಂತು, ಬ್ಯಾಟರಿ ಬಂತು, ಜೆಟ್ ಬಂತು. ಜೆಟ್ ಅಂದರೆ ಒಳಗೆ ಬೆಂಕಿಯೇನೂ ಇಲ್ಲ. ಹೊಟ್ಟೆಯೊಳಗೆ ಒಂದು ಕೊಳವೆ, ಕೊಳವೆಯೊಳಗೆ ಅಂಗೈಯಗಲದ ಫ್ಯಾನು. ಮುಂದಿನ ಬಾಯಿಂದ ಗಾಳಿ ಎಳೆದು ಹಿಂದಿನಿಂದ ಉಗಿಯುತ್ತದೆ. ಆ ರಭಸಕ್ಕೆ ವಿಮಾನ ಮುಂದೆ ಹೋಗುತ್ತದೆ. ಎಂಜಿನ್ ಕಾಲದಲ್ಲಿ ಬೆರಳು ಹೋಗುವ ಭಯವಿತ್ತು. ಬ್ಯಾಟರಿ ಕಾಲದಲ್ಲಿ ಮನೆಯೇ ಸುಟ್ಟುಹೋಗುವ ಭಯ. ಊದಿಕೊಂಡ ಬ್ಯಾಟರಿಯನ್ನು ಇನ್ನೊಂದು ಸಲ ಚಾರ್ಜಿಗೆ ಹಾಕುವವನನ್ನು ನಾನು ಬೆಂಚಿನ ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ.

ಫೋಮ್ ಬಂದ ಹೊಸದರಲ್ಲಿ ನಾನೂ ಬುದ್ಧಿಗೇಡಿ ಕೆಲಸ ಮಾಡಿದವನೇ. ಮರಕ್ಕೆ ಬಳಸುತ್ತಿದ್ದ ತಟಕ್ಕನೆ ಹಿಡಿಯುವ ಅಂಟನ್ನೇ ಥರ್ಮೋಕೋಲಿನ ರೆಕ್ಕೆಗೂ ಸುರಿದೆ. ಊಟ ಮುಗಿಸಿ ಬಂದು ನೋಡಿದರೆ ರೆಕ್ಕೆಯ ಬುಡವೇ ಇಲ್ಲ, ಕರಗಿ ಗುಳಿ ಬಿದ್ದಿದೆ. ಯಾರೋ ಬೇಕೆಂದೇ ಏನೋ ಸುರಿದಿದ್ದಾರೆ ಅಂತ ಅನ್ವರ್ ಮೇಲೆ ಹರಿಹಾಯ್ದೆ. ಅವನು ಅಂಟಿನ ಡಬ್ಬಿಯನ್ನು ನನ್ನ ಮೂಗಿಗೆ ಹಿಡಿದ.

"ಗುರು, ಇದು ಫೋಮನ್ನ ತಿನ್ನುತ್ತೆ. ನನ್ನಲ್ಲ, ನಿನ್ ಡಬ್ಬೀನ ಅನುಮಾನ ಪಡು," ಅಂದ.

ಅಲ್ಲಿಂದಾಚೆಗೆ ಯಾವ ಹೊಸ ಅಂಟು ಬಂದರೂ ಮೊದಲು ಚೂರು ಫೋಮಿಗೆ ಹಚ್ಚಿ ನೋಡುವುದೇ ರೂಢಿಯಾಯಿತು. ಬಣ್ಣಕ್ಕೂ ಅಷ್ಟೆ.

ದಿವಾಕರ್ ಸರ್ ಬಗ್ಗೆ ಹೇಳಬೇಕು. ಕೆಟ್ಟ ಮನುಷ್ಯ ಅಂತ ಯಾರೂ ಅನ್ನುತ್ತಿರಲಿಲ್ಲ. ಮಾತು ಬೆಣ್ಣೆ. ಸುಳ್ಳು ಹೇಳಿದ್ದನ್ನು ನಾನು ಒಂದು ದಿನವೂ ಕೇಳಿಲ್ಲ. ಆದರೆ ಏನನ್ನೂ ಪೂರ್ತಿ ಹೇಳುತ್ತಿರಲಿಲ್ಲ. ಅರ್ಧ ಹೇಳಿ ಹೆಗಲ ಮೇಲೆ ಕೈ ಹಾಕಿಬಿಡುತ್ತಿದ್ದರು. ಉಳಿದರ್ಧ ಆಮೇಲೆ ನಮ್ಮ ತಲೆ ಮೇಲೆ ಬೀಳುತ್ತಿತ್ತು.

ಒಂದು ಸಲ ನೆಲಮಂಗಲದ ಹತ್ತಿರದ ಶಾಲೆಯೊಂದರಲ್ಲಿ ಹೊಸ ಜೆಟ್ಟಿನ ಪ್ರದರ್ಶನ. ಮುಖ್ಯ ಅತಿಥಿಗಳಿಂದ "ಸಣ್ಣ ಪೂಜೆ" ಇದೆ ಅಂದಿದ್ದರು, ಅಷ್ಟೆ. ಹೋಗಿ ನೋಡಿದರೆ ತಟ್ಟೆ ತುಂಬ ಕುಂಕುಮ, ಹೂವು, ಕರ್ಪೂರ. ಫೋಮಿನ ವಿಮಾನಕ್ಕೆ ಕರ್ಪೂರದಾರತಿ! ನಾನು ತಟ್ಟೆಯನ್ನು ದೂರ ಹಿಡಿಸಿಕೊಂಡು ನಿಂತೆ. ಅಷ್ಟರಲ್ಲಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಲಾರಿಯಾದರೆ ನಿಂಬೆಹಣ್ಣು ಅಪ್ಪಚ್ಚಿಯಾಗುತ್ತದೆ. ನಮ್ಮ ಜೆಟ್ಟಿಗೆ ನಿಂಬೆಹಣ್ಣೇ ಗುಡ್ಡ.

"ಸರ್, ಇದು ಹತ್ತಲ್ಲ," ಅಂದೆ.

"ಶಾಸ್ತ್ರ ಕಣಯ್ಯ, ಸ್ವಲ್ಪ ಜೋರಾಗಿ ಬಿಡು," ಅಂದರು ದಿವಾಕರ್ ಸರ್.

ಬಿಟ್ಟೆ. ವಿಮಾನ ನಿಂಬೆಹಣ್ಣಿಗೆ ಎಡವಿ ಪಕ್ಕಕ್ಕೆ ಮಗುಚಿಕೊಂಡಿತು. ಅದೂ ಸಾಲದು ಅಂತ, ನನ್ನ ಕಣ್ಣು ತಪ್ಪಿಸಿ ಅತಿಥಿಗಳು ಗಾಳಿ ಎಳೆಯುವ ಬಾಯಿಗೆ ಒಂದು ಹಿಡಿ ಸೇವಂತಿಗೆ ಸಿಕ್ಕಿಸಿದ್ದರು. ಫ್ಯಾನು ಅದನ್ನು ನುಂಗಿ, ನುರಿದು, ಹಿಂದಿನಿಂದ ಅವರ ಬಿಳಿ ಅಂಗಿಯ ಮೇಲೇ ಎರಚಿತು. ಮಕ್ಕಳು ಇದೇ ಪ್ರದರ್ಶನ ಅಂದುಕೊಂಡು ಚಪ್ಪಾಳೆ ತಟ್ಟಿದರು. ವಾಪಸ್ ಬರುವಾಗ ದಿವಾಕರ್ ಸರ್, "ಮುಂದಿನ ಸಲಾನೂ ಹೂವಿನ ಐಟಮ್ ಇಟ್ಕೊ," ಅಂದರು. ಫ್ಯಾನಿನ ಎಲೆ ಮುರಿದದ್ದು ಅವರಿಗೆ ಕಾಣಲೇ ಇಲ್ಲ. ಅಂದಿನಿಂದ ಹಾರಿಸುವ ಮುನ್ನ ಬ್ಯಾಟರಿ ಬಿಚ್ಚಿ ಆ ಬಾಯೊಳಗೆ ಬೆರಳಾಡಿಸಿ ನೋಡದೆ ನಾನು ಒಂದು ಜೆಟ್ಟನ್ನೂ ಬಿಟ್ಟಿಲ್ಲ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ತೂಕದ್ದು. ರೆಕ್ಕೆಯ ಕೆಳಗೆ ಎರಡೂ ಕಡೆ ಒಂದೊಂದು ಗುರುತಿರುತ್ತದೆ. ಅಲ್ಲಿಗೆ ಒಂದೊಂದು ತೋರುಬೆರಳು ಕೊಟ್ಟು ಎತ್ತಬೇಕು. ವಿಮಾನ ಸಮವಾಗಿ ನಿಂತರೆ ಹಾರುತ್ತದೆ. ಬಾಲ ಕೆಳಗೆ ಹೋದರೆ ಹುಚ್ಚು ಹಿಡಿದಂತೆ ಆಡುತ್ತದೆ. ಮೂಗು ಕೆಳಗೆ ಹೋದರೆ ಏಳುವುದೇ ಕಷ್ಟ, ಎದ್ದರೂ ಇಳಿಯುವಾಗ ನೆಲಕ್ಕೆ ಗುದ್ದುತ್ತದೆ. ಬ್ಯಾಟರಿಯನ್ನು ಒಂದಿಷ್ಟು ಹಿಂದೆ ಮುಂದೆ ಸರಿಸಿ ಸರಿಮಾಡಿಕೊಳ್ಳಬೇಕು. ಇಷ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾರಿಸಲು ಜಾಗ ಹುಡುಕುವುದೇ ನಮಗೆ ದೊಡ್ಡ ತಲೆನೋವಾಗಿತ್ತು. ದೇವನಹಳ್ಳಿ ಕಡೆ ನಿಜವಾದ ವಿಮಾನಗಳು ಓಡಾಡುತ್ತವೆ, ಅಲ್ಲಿ ನಾವು ಡಬ್ಬಿಯ ಮುಚ್ಚಳವನ್ನೂ ತೆಗೆಯುತ್ತಿರಲಿಲ್ಲ. ದೊಡ್ಡಬಳ್ಳಾಪುರದ ಕಡೆ ಒಂದು ಒಣಗಿದ ಕೆರೆಯಂಗಳ ಸಿಕ್ಕಿತ್ತು, ಒಳ್ಳೆ ಮಳೆಯಾಗಿ ಕೆರೆ ತುಂಬಿಕೊಂಡಿತು. ಊರವರಿಗೆ ಸಂತೋಷ, ನಮಗೆ ಸಂಕಟ. ಹೀಗೆ ಅಲೆಯುತ್ತ ಸಮೇತನಹಳ್ಳಿಯಿಂದ ಒಳಗಿನ ಒಂದು ಹಳ್ಳಿಗೆ ಹೋದೆವು. ಊರ ಹೆಸರು ಬೇಡ. ಅಲ್ಲಿ ಅಕ್ಕಯ್ಯಮ್ಮನ ಕಣ ಕಣ್ಣಿಗೆ ಬಿತ್ತು.

ಈಗೆಲ್ಲ ರಾಗಿ ತೆನೆಯನ್ನು ಟಾರ್ ರಸ್ತೆಗೆ ಹರಡಿ ಬಸ್ಸು ಲಾರಿಗಳ ಕೈಲಿ ತುಳಿಸುವವರೇ ಹೆಚ್ಚು. ಅಕ್ಕಯ್ಯಮ್ಮ ಮಾತ್ರ ಹೊಲದ ಮಗ್ಗುಲಲ್ಲೇ ನೆಲ ಬಡಿದು, ಸಗಣಿ ಸಾರಿಸಿ, ಕಣ ಮಾಡಿಸುತ್ತಿದ್ದಳು. ರಸ್ತೆಯ ರಾಗಿಯಲ್ಲಿ ಕಲ್ಲು ಸಿಗುತ್ತದೆ ಅನ್ನುವುದು ಅವಳ ದೂರು. ಒಕ್ಕಣೆ ಮುಗಿದು ಖಾಲಿ ಬಿದ್ದಿದ್ದ ಆ ಕಣ ಅಂಗೈಯಷ್ಟು ನುಣ್ಣಗಿತ್ತು. ಕಾಸಿನಗಲದ ಚಕ್ರದ ಮೇಲೆ ಓಡುವ ನಮ್ಮ ಜೆಟ್ಟಿಗೆ ಅದಕ್ಕಿಂತ ಒಳ್ಳೆ ರನ್‌ವೇ ಬೇಕೇ? ಅನ್ವರ್ ಬೂಟುಗಾಲಲ್ಲೇ ಓಡಲು ಹೊರಟ. ನಾನು ಅವನ ತೋಳು ಹಿಡಿದು ಎಳೆದು, ಚಪ್ಪಲಿ ಬಿಟ್ಟು ಕಣದ ಅಂಚಿಗೆ ಹೋಗಿ ನಿಂತೆ. ವಿಜಯಪುರದಲ್ಲಿ ನಮ್ಮಪ್ಪನೂ ರಾಗಿ ಬೆಳೆದವರೇ. ಕಣದ ಮೇಲೆ ಕೆರ ಮೆಟ್ಟಿ ಹೋದವನ ಬೆನ್ನು ಅವರು ಬಿಡುತ್ತಿರಲಿಲ್ಲ.

ಹುಲ್ಲಿನ ಮೆದೆಯ ಹಿಂದಿನಿಂದ ಒಬ್ಬ ಹೆಂಗಸು ಬಂದಳು, ಅಕ್ಕಯ್ಯಮ್ಮನೇ. ನನಗಿಂತ ಸ್ವಲ್ಪ ಹಿರಿಯಳು. ಕೈಯಲ್ಲಿ ಕುಡುಗೋಲು.

"ಏನಪ್ಪಾ ಅದು?"

"ಆಟದ ವಿಮಾನ ಅಕ್ಕ."

"ತಲೆ ಬೆಳ್ಳಗಾಗೈತೆ, ಆಟ ಆಡ್ತೀಯಾ?"

"ಇದೇ ನನ್ ಕೆಲ್ಸ ಅಕ್ಕ. ಸ್ಕೂಲ್ ಮಕ್ಳಿಗೆ ತೋರ್ಸೋದು."

"ಕ್ಯಾಮ್ರಾ ಐತಾ ಅದ್ರೊಳಗೆ?"

"ಇಲ್ಲ."

"ಹಿಂಗೇ ಒಬ್ಬ ಇಲ್ಲ ಅಂದಿದ್ದ. ನನ್ ತಂಗೀನ ದೇವನಹಳ್ಳಿ ಹತ್ರ ಚನ್ನರಾಯಪಟ್ಟಣದ ಕಡೆ ಕೊಟ್ಟೈತೆ. ಭೂಮಿ ಉಳಿಸ್ಕೊಳ್ಳೋಕೆ ಆ ಜನ ವರ್ಷಗಟ್ಲೆ ಕೂತ್ಕೊಂಡಿದ್ದು ಕಣ್ಣಲ್ಲಿ ನೋಡಿದೀನಿ. ಈಗ ನಮ್ಮೂರಿಗೂ ಫ್ಯಾಕ್ಟ್ರಿ ಬರುತ್ತೆ, ಬೆಳೆ ಇಲ್ದಿರೋ ಬೀಡು ಭೂಮಿ ನೋಡ್ಕೊಂಡು ಮೊದ್ಲು ಅದನ್ನ ತಗೋತಾರೆ ಅಂತ ಮಾತೈತೆ. ಮೊನ್ನೆ ಒಂದು ಡ್ರೋನ್ ಬಂದಿತ್ತು. ನಮ್ ಹುಡುಗ್ರು ಕವಣೆ ತಗೊಂಡು ಹೊಡೆದ್ ಕೆಡವಿದ್ರು. ನೀನು ಚಪ್ಪಲಿ ಬಿಟ್ಟು ನಿಂತಿದೀಯ, ಅದ್ಕೆ ಮಾತಾಡುಸ್ತಾ ಇದೀನಿ."

ಆ ಹೊಲ ಬಿಟ್ಟರೆ ಅವಳಿಗೆ ಬೇರೆ ಆಧಾರವಿಲ್ಲ ಅಂತ ಆಮೇಲೆ ತಿಳಿಯಿತು. ಗಂಡ ಹೋದ ಮೇಲೆ ತಾನೇ ನಿಂತು ಮಾಡಿಸಿದ ಬೇಸಾಯ. ನನಗೆ ಅವಳ ಮೇಲೆ ಮೊದಲ ದಿನವೇ ಒಂದು ಮರ್ಯಾದೆ ಹುಟ್ಟಿತು. ನನ್ನ ಹಾಗೆ ಯಾವುದನ್ನೂ ನಂಬದ ಇನ್ನೊಂದು ಜೀವ ಸಿಕ್ಕಿತಲ್ಲ ಅನ್ನಿಸಿತು.

ಜೆಟ್ಟಿನ ಮುಚ್ಚಳ ತೆಗೆದು ಒಳಗೆಲ್ಲ ತೋರಿಸಿದೆ. ಅವಳು ಒಪ್ಪಲಿಲ್ಲ. ಮೂಗಿನೊಳಗೆ ಏನಿದೆ, ಬಾಲದೊಳಗೆ ಏನಿದೆ ಅಂತ ಕುಕ್ಕಿ ಕುಕ್ಕಿ ಕೇಳಿದಳು. ಕೊನೆಗೆ ನಾನು ಬೆರಳಿನ ಪರೀಕ್ಷೆ ತೋರಿಸಿದೆ. "ಇದು ತಕ್ಕಡಿ ಇದ್ದಂಗೆ ಅಕ್ಕ. ಒಳಗೆ ಏನಾದ್ರೂ ಹೆಚ್ಚಿಗೆ ಸೇರ್ಸಿದ್ರೆ ಇದೇ ಹೇಳ್ಬಿಡುತ್ತೆ. ಎತ್ತಿ ನೋಡಿ," ಅಂದೆ.

ಕುಡುಗೋಲು ಕಂಕುಳಿಗೆ ಸಿಕ್ಕಿಸಿಕೊಂಡು, ಎರಡು ಬೆರಳು ಕೊಟ್ಟು ಎತ್ತಿದಳು. ಜೆಟ್ ಅಲ್ಲಾಡದೆ ಸಮನಾಗಿ ನಿಂತಿತು.

"ಹಂಗಾದ್ರೆ ನೀವು ಬಂದಾಗೆಲ್ಲಾ ಮೊದ್ಲು ನಾನ್ ಎತ್ತಿ ನೋಡ್ತೀನಿ. ಆಮೇಲೆ ಹಾರ್ಸು," ಅಂದಳು.

ಅದೇ ನಮ್ಮಿಬ್ಬರ ಕರಾರು. ಹೋದಾಗಲೆಲ್ಲ ಅವಳು ಕೈ ತೊಳೆದು ಬರುವಳು, ಎತ್ತುವಳು, ತಲೆಯಾಡಿಸುವಳು. ಒಂದು ದಿನ ಫ್ಯಾನು ಕರಕರ ಅನ್ನತೊಡಗಿತು. ಬಿಚ್ಚಿದರೆ ಕೊಳವೆ ತುಂಬ ರಾಗಿ ಹೊಟ್ಟು. ಯಾರೋ ಊರವರು ತುರುಕಿದ್ದಾರೆ ಅಂತ ನಾನು ಗೊಣಗಿದೆ.

"ಕಣದಲ್ಲಿ ಹೊಟ್ಟು ಇರ್ದೆ ಸಿಮೆಂಟ್ ಇರುತ್ತಾ ಗುರು? ನಿನ್ ಫ್ಯಾನೇ ಎಳ್ಕೊಂಡೈತೆ," ಅಂತ ಅನ್ವರ್ ನಕ್ಕ.

ಮುಂದಿನ ಸಲ ಹೋಗುವಷ್ಟರಲ್ಲಿ ಅಕ್ಕಯ್ಯಮ್ಮ ಕಣ ಗುಡಿಸಿಟ್ಟಿದ್ದಳು. ಆದರೂ ಎತ್ತಿ ನೋಡುವುದು ಬಿಡಲಿಲ್ಲ. ನನಗೆ ಅದರಿಂದ ಖುಷಿಯೇ ಆಯಿತು.

ಅಲ್ಲಿಂದ ಒಂದೊಂದೇ ವಿಷಯ ನನ್ನ ಕಣ್ಣಿಗೆ ಚುಚ್ಚತೊಡಗಿತು. ಪ್ರದರ್ಶನ ಬಿಟ್ಟರೆ ಅಭ್ಯಾಸದ ಹಾರಾಟಕ್ಕೆ ಯಾವತ್ತೂ ಬಾರದ ದಿವಾಕರ್ ಸರ್ ಪ್ರತಿ ಸಲ ಬರತೊಡಗಿದರು. ಜೆಟ್ಟನ್ನು ಸುತ್ತು ಹಾಕಿಸಬೇಡ, ಉರುಳಿಸಬೇಡ, ಹೊಲಗಳ ಮೇಲೆ ಈ ತುದಿಯಿಂದ ಆ ತುದಿಗೆ ನೆಟ್ಟಗೆ ಹೋಗಿ, ಪಕ್ಕದಲ್ಲೇ ನೆಟ್ಟಗೆ ವಾಪಸ್ ಬಾ ಅಂದರು. ಉಳುಮೆ ಹೊಡೆದ ಹಾಗೆ. ಯಾಕೆ ಸರ್ ಅಂದರೆ, "ಅಭ್ಯಾಸ ಇರಲಿ," ಅಂತ ಹೆಗಲ ಮೇಲೆ ಕೈ ಹಾಕಿದರು. ಹೆಗಲ ಮೇಲೆ ಕೈ ಬಂತು ಅಂದರೆ ಅರ್ಧ ಮಾತು ಒಳಗೇ ಉಳಿಯಿತು ಅಂತ ನನಗೆ ಗೊತ್ತು. ಜೆಟ್ ಕಟ್ಟುವುದೇ ಅದು ಉರುಳಿ ಸುತ್ತುವುದನ್ನು ನೋಡಲಿಕ್ಕೆ. ನೇಗಿಲು ಹೂಡಲಿಕ್ಕಲ್ಲ.

ಆಮೇಲೆ ಒಬ್ಬ ಮನುಷ್ಯ ಬರತೊಡಗಿದ. ಬಿಳಿ ಕಾರು, ಕಪ್ಪು ಕನ್ನಡಕ. "ನಮ್ಮ ಸ್ನೇಹಿತರು, ವಿಮಾನ ಅಂದ್ರೆ ಪ್ರಾಣ," ಅಂತ ಸರ್ ಪರಿಚಯಿಸಿದರು. ಬೂಟು ಹಾಕಿಕೊಂಡೇ ಕಣದ ಮೇಲೆ ನಡೆದ. ಅಕ್ಕಯ್ಯಮ್ಮ, "ಕಾಲಲ್ಲಿರೋದು ಬಿಡಪ್ಪಾ," ಅಂದರೆ ಫೋನು ನೋಡುತ್ತ ನಿಂತ. ಜೆಟ್ ಮೇಲೆದ್ದಾಗ ನಾನು ಓರೆಗಣ್ಣಿನಲ್ಲಿ ಅವನನ್ನೇ ನೋಡಿದೆ. ವಿಮಾನ ಅಂದರೆ ಪ್ರಾಣವಂತೆ, ಒಂದು ಸಲವೂ ಆಕಾಶ ನೋಡಲಿಲ್ಲ. ಕೊಯ್ಲಾಗಿ ಬೋಳುಬಿದ್ದಿದ್ದ ಹೊಲಗಳನ್ನೇ ನೋಡುತ್ತಿದ್ದ. ಮಕ್ಕಳೇ, ವಿಮಾನ ಹಾರುವಾಗ ಆಕಾಶ ನೋಡದವನನ್ನು ನಂಬಬೇಡಿ.

ಅನ್ವರ್‌ಗೆ ಹೇಳಿದೆ. "ನಿಂಗೆ ನಿನ್ ನೆರಳ್ ಮೇಲೂ ಡೌಟು ಗುರು," ಅಂದ. ಆದರೆ ಅವನು ಅವತ್ತು ನಗಲಿಲ್ಲ.

ಆ ದಿನ ಬಂತು. ಬೆಳಗಿನ ಬಿಸಿಲು ಆಗತಾನೇ ಏರುತ್ತಿತ್ತು. ಗಾಳಿ ಇರಲಿಲ್ಲ. ಅಕ್ಕಯ್ಯಮ್ಮ ಇನ್ನೂ ಊರೊಳಗಿಂದ ಬಂದಿರಲಿಲ್ಲ. ಕಾರಿನವನು ಬಂದಾಗಿತ್ತು.

"ಆ ಯಮ್ಮ ಬರೋಕೆ ಮುಂಚೆ ಒಂದು ರೌಂಡ್ ಹೊಡೆದ್ಬಿಡು ಮುನಿರಾಜು. ಎತ್ತೋದು ಇಳ್ಸೋದು ಎಲ್ಲ ಟೈಮ್ ವೇಸ್ಟು," ಅಂದರು ಸರ್.

ಡಬ್ಬಿ ತೆಗೆದೆ. ಜೆಟ್ಟಿನ ಮೂಗು ಹೊಸ ಬಣ್ಣದಲ್ಲಿ ಮಿರಮಿರ ಅನ್ನುತ್ತಿತ್ತು. ಬಣ್ಣದ ಬಗ್ಗೆ ಇಷ್ಟು ವರ್ಷದಲ್ಲಿ ಒಂದು ಮಾತಾಡದ ಯಜಮಾನರು ಬಣ್ಣ ಹೊಡೆಸಿದ್ದಾರೆ! ನಾನು ಸುಮ್ಮನೆ ಎರಡು ಬೆರಳು ಕೊಟ್ಟು ಎತ್ತಿದೆ. ಮೂಗು ಕೆಳಗೆ ಹೋಯಿತು. ಮುಚ್ಚಳ ತೆಗೆದು ನೋಡಿದರೆ ಬ್ಯಾಟರಿ ತನ್ನ ಗುರುತಿನಲ್ಲೇ ಇತ್ತು. ಮತ್ತೆ ಎತ್ತಿದೆ. ಮತ್ತೆ ಮೂಗು ಕೆಳಗೆ ಹೋಯಿತು. ಬಣ್ಣ ಎಷ್ಟು ದಪ್ಪ ಬಳಿದರೂ ಅಷ್ಟು ಭಾರವಾಗುವುದಿಲ್ಲ.

"ಅನ್ವರ್, ಮೂಗು ಮುಟ್ಟಿದ್ಯಾ ನೀನು?"

"ನಾನ್ ಮುಟ್ಟಿಲ್ಲ ಗುರು. ನಿನ್ನೆ ಸಂಜೆ ಸರ್ರೇ ಬಿಚ್ಕೊಂಡ್ ಹೋದ್ರು, ಬಣ್ಣ ಮಾಡಿಸ್ಬೇಕು ಅಂತ," ಅಂದ, ನೆಲ ನೋಡುತ್ತ.

ಜೆಟ್ಟನ್ನು ತಿರುಗಿಸಿ ಮೂಗಿನ ಕೆಳಭಾಗ ನೋಡಿದೆ. ಅಂಗಿಯ ಗುಂಡಿಯಷ್ಟು ಅಗಲದ ಒಂದು ಕಪ್ಪು ತೂತು. ಒಳಗಿರುವುದು ಏನು, ಅದು ಯಾರಿಗೆ, ಯಾತಕ್ಕೆ ಅನ್ನುವುದೆಲ್ಲ ಒಟ್ಟಿಗೇ ಹೊಳೆದುಬಿಟ್ಟಿತು. ಡ್ರೋನ್ ಕಂಡರೆ ಕವಣೆ ಬೀಸುವ ಊರು ಮಕ್ಕಳ ಆಟದ ವಿಮಾನಕ್ಕೆ ಕಣ ಗುಡಿಸಿಕೊಡುತ್ತದೆ. ಅದಕ್ಕೇ ನಾವು ಬೇಕಾಗಿತ್ತು.

ಅಷ್ಟರಲ್ಲಿ ಅಕ್ಕಯ್ಯಮ್ಮ ಬದುವಿನ ಮೇಲೆ ಬರುವುದು ಕಂಡಿತು. ಹಿಂದೆ ನಾಲ್ಕೈದು ಜನ ಊರವರು. ದಿವಾಕರ್ ಸರ್ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಬ್ಯಾಟರಿ ಹಿಂದಕ್ಕೆ ತಳ್ಳು. ಸಮ ನಿಂತ್ಕೊಳ್ಳುತ್ತೆ. ಅವಳಿಗೇನ್ ಗೊತ್ತಾಗುತ್ತೆ?" ಅಂದರು.

ಅವರ ಮಾತು ನಿಜ. ಬ್ಯಾಟರಿಯನ್ನು ಎರಡು ಬೆರಳಗಲ ಹಿಂದಕ್ಕೆ ತಳ್ಳಿದರೆ ಸಾಕು. ಅವಳು ಎತ್ತುವಳು, ಜೆಟ್ ಸಮನಾಗಿ ನಿಲ್ಲುವುದು, ಅವಳು ತಲೆಯಾಡಿಸುವಳು. ನಾನು ನೇಗಿಲ ಸಾಲಿನ ಹಾಗೆ ಹಾರಿಸುವೆ. ಅವಳ ಹೊಲ ಬೀಡು ಭೂಮಿಯ ಲೆಕ್ಕಕ್ಕೆ ಸೇರುವುದು. ನನ್ನ ಕೈ ಬ್ಯಾಟರಿಯ ಮೇಲೇ ಇತ್ತು. ಧೈರ್ಯವಂತ ಅಂತ ಹೇಳಿಕೊಳ್ಳಲಾರೆ. ಆದರೆ ನನ್ನ ಆಯುಷ್ಯದಲ್ಲಿ ನಾನು ಪೂರ್ತಿ ನಂಬಿದ್ದು ಅಂತ ಇದ್ದರೆ ಅದು ಆ ಬೆರಳಿನ ಪರೀಕ್ಷೆಯೊಂದೇ. ಅದಕ್ಕೂ ಸುಳ್ಳು ಕಲಿಸಿದರೆ ನನಗೆ ಇನ್ನೇನು ಉಳಿಯಿತು? ಕೈ ತೆಗೆದೆ. ಮುಚ್ಚಳ ಹಾಕಿದೆ. ಜೆಟ್ಟನ್ನು ಹಾಗೆಯೇ ಅವಳ ಮುಂದೆ ಹಿಡಿದೆ.

"ಎತ್ತಿ ನೋಡಿ ಅಕ್ಕ."

ಸೆರಗಿನಿಂದ ಕೈ ಒರೆಸಿಕೊಂಡು ಎತ್ತಿದಳು. ಮೂಗು ಕೆಳಗೆ ಹೋಯಿತು. ಇಳಿಸಿ, ಬೆರಳು ಸರಿಯಾಗಿ ಗುರುತಿಗೆ ಕೊಟ್ಟು, ಇನ್ನೊಂದು ಸಲ ಎತ್ತಿದಳು.

"ಮೂಗು ಭಾರ ಐತೆ," ಅಂದಳು.

"ಹೌದು ಅಕ್ಕ."

"ಏನ್ ಇಟ್ಟಿದೀಯ?"

"ನಾನ್ ಇಟ್ಟಿದ್ದಲ್ಲ. ನೋಡ್ಲಾ?"

"ಕುಯ್ಯಿ," ಅಂದಳು.

ದಿವಾಕರ್ ಸರ್, "ಮುನಿರಾಜು, ಅದು ಮಕ್ಳಿಗೆ ವಿಡಿಯೋ ತೋರ್ಸೋಕೆ," ಅಂತ ಶುರುಮಾಡಿದರು. ನಾನು ಬ್ಲೇಡು ತೆಗೆದೆ. ಆ ಮೂಗನ್ನು ನಾನೇ ಕೊಯ್ದು, ಉಜ್ಜಿ, ನುಣ್ಣಗೆ ಮಾಡಿ ಕೂರಿಸಿದ್ದೆ. ಕೀಚ್ ಅನ್ನುತ್ತ ಫೋಮ್ ಸೀಳಿತು. ಒಳಗಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಕ್ಯಾಮೆರಾ ಬಿತ್ತು.

ಯಾರೂ ಕೂಗಾಡಲಿಲ್ಲ. ಅಕ್ಕಯ್ಯಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಹೊಲದ ಕಡೆ ನೋಡಿದಳು.

"ಈಗ ಮೇಲಿಂದ ನೋಡಿದ್ರೆ ಇಲ್ಲೇನ್ ಕಾಣುತ್ತೆ? ಬರೀ ಕೂಳೆ. ಮಳೆಗಾಲದಲ್ಲಿ ಬಂದಿರೋನು ಯಾವನೂ ಇಲ್ಲ. ಕುಯ್ದಾದ್ ಮೇಲೆ ಬಂದು, ಬೆಳೆ ಇಲ್ಲ, ಬೀಡು ಅಂತ ತೋರುಸ್ತೀರಾ?" ಅಂದಳು. ಕೇಳಿದ್ದು ಕಾರಿನವನನ್ನು. ಅವನು ಅಷ್ಟರಲ್ಲಾಗಲೇ ಕಾರಿನ ಬಾಗಿಲು ತೆಗೆಯುತ್ತಿದ್ದ. ಊರವರಲ್ಲೊಬ್ಬ, "ಬೂಟಿನ್ ಗುರ್ತು ಒರೆಸ್ಕೊಂಡ್ ಹೋಗಪ್ಪಾ," ಅಂದ. ಕಾರು ಧೂಳೆಬ್ಬಿಸಿಕೊಂಡು ಹೋಯಿತು.

ದಿವಾಕರ್ ಸರ್ ಹೆಗಲ ಮೇಲೆ ಕೈ ಹಾಕಲಿಲ್ಲ. "ನಾಳೆಯಿಂದ ಬರ್ಬೇಡ," ಅಂದರು. ನನಗೆ ತಿಳಿದಂತೆ ಅವರು ಪೂರ್ತಿ ಹೇಳಿದ ಮಾತು ಅದೊಂದೇ. ನಾನು ಇದನ್ನು ನಿವೃತ್ತಿ ಅಂತ ಕರೆಯುತ್ತೇನೆ. ನನ್ನ ಹೆಂಡತಿ ಬೇರೆ ಹೆಸರಿನಿಂದ ಕರೆಯುತ್ತಾಳೆ.

ಇಷ್ಟಕ್ಕೆ ಮುಗಿದಿದ್ದರೆ ನಾನು ಎದೆಯುಬ್ಬಿಸಿಕೊಂಡು ಬರೆಯಬಹುದಿತ್ತು. ಡಬ್ಬಿ ಕಟ್ಟುತ್ತಿದ್ದಾಗ ಅಕ್ಕಯ್ಯಮ್ಮ ಪಕ್ಕಕ್ಕೆ ಬಂದು ನಿಂತಳು. ಏನೋ ಒಳ್ಳೆ ಮಾತು ಹೇಳುತ್ತಾಳೆ ಅಂತ ಆಸೆಪಟ್ಟೆ.

"ನಾನ್ ಬರ್ತಿದ್ದಾಗ ನಿನ್ ಕೈ ಆ ಬ್ಯಾಟ್ರಿ ಮೇಲಿತ್ತು," ಅಂದಳು.

"ಹೌದು."

"ಅದನ್ನ ಹಿಂದಕ್ಕೆ ತಳ್ಳಿದ್ರೆ ಮೂಗು ಏಳ್ತಿತ್ತಾ?"

ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. "ಏಳ್ತಿತ್ತು ಅಕ್ಕ."

"ಹಂಗಾದ್ರೆ ಇಷ್ಟ್ ದಿನ ನಾನ್ ಎತ್ತಿದ್ದು ಯಾತಕ್ಕೂ ಬರ್ಲಿಲ್ಲ."

"ಇಷ್ಟ್ ದಿನ ಒಳಗೆ ಏನೂ ಇರ್ಲಿಲ್ಲ ಅಕ್ಕ. ನಾನೇ ಕಟ್ಟಿದ್ದು, ನಂಗೊತ್ತು."

"ಇಟ್ಟಿದ್ರೂ ಹಿಂಗೇ ಅಂತಿದ್ದೆ," ಅಂದು ಹೊರಟುಹೋದಳು.

ನನಗೆ ಬಹಳ ನೋವಾಯಿತು. ಕೆಲಸ ಹೋದದ್ದಕ್ಕಿಂತ ಹೆಚ್ಚು. ಮನೆಗೆ ಬಂದು ಹಾಸಿಗೆ ಹಿಡಿದವನಂತೆ ಬಿದ್ದುಕೊಂಡೆ. ಆದರೆ ಯೋಚಿಸಿದಷ್ಟೂ ಅವಳ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಬೆಸುಗೆಯನ್ನು ಎಳೆದು ನೋಡು ಅಂತ ಕಲಿಸಿದವನು ನಾನು. ಅವಳು ನನ್ನನ್ನು ಎಳೆದು ನೋಡಿದಳು, ಅಷ್ಟೆ.

ಮಳೆಗಾಲ ಹೋಯಿತು. ರಾಗಿ ತೆನೆ ಬಲಿಯುವ ಕಾಲಕ್ಕೆ ಅನ್ವರ್ ಒಂದು ಭಾನುವಾರ ವಿಜಯಪುರಕ್ಕೆ ಬಂದ. ಅವನಿನ್ನೂ ಆ ವರ್ಕ್‌ಶಾಪಿನಲ್ಲೇ ಇದ್ದ.

"ಆ ಅಕ್ಕಯ್ಯಮ್ಮ ವರ್ಕ್‌ಶಾಪಿಗ್ ಬಂದಿದ್ಲು ಗುರು, ನಿನ್ನ ಕೇಳ್ಕೊಂಡು. ಕ್ಯಾಮ್ರಾ ಇಟ್ಕೊಂಡು ಬಾ ಅಂತ ಹೇಳು ಅಂದ್ಲು."

"ಕ್ಯಾಮ್ರಾ ಇಟ್ಕೊಂಡಾ?"

"ಹೂಂ. ಈಗ ತೆಗೀಲಿ ಫೋಟೋ ಅಂದ್ಲು. ಬೀಡೋ ಬೆಳೆಯೋ ಅಂತ ಇಡೀ ಊರಿಂದು ಒಟ್ಟಿಗೆ ತೋರುಸ್ಬೇಕಂತೆ, ತಾಲ್ಲೂಕ್ ಆಫೀಸಿಗೆ ಕೊಡೋಕೆ."

ನನ್ನ ಹೆಂಡತಿ ಒಳಗಿನಿಂದ, "ಮತ್ತೆ ಹೊರಟ್ರಾ?" ಅಂದಳು. ಹೊರಟಿದ್ದೆ. ಮನೆಯ ಹಿಂದಿನ ಕೋಣೆಯಲ್ಲಿ ಕೂತು ಹೊಸ ಜೆಟ್ ಕಟ್ಟಿದೆ. ಮೂಗಿನಲ್ಲಿ ಕ್ಯಾಮೆರಾಕ್ಕೆ ಗೂಡು ಕೊಯ್ದು, ಎಲ್ಲರಿಗೂ ಕಾಣುವ ಹಾಗೆ ತೆರೆದೇ ಬಿಟ್ಟೆ. ಕ್ಯಾಮೆರಾ ಇಟ್ಟು, ಬ್ಯಾಟರಿ ಸರಿಸಿ, ಬೆರಳ ಮೇಲೆ ಎತ್ತಿ ಎತ್ತಿ ನೋಡಿದೆ.

ನಾವು ಹೋದಾಗ ಬದುವಿನಿಂದ ಬದುವಿಗೆ ರಾಗಿ ಎದೆಮಟ್ಟ ನಿಂತಿತ್ತು, ನಡುವೆ ಅವರೆ ಸಾಲು. ಕಣದ ಜಾಗದಲ್ಲೂ ಹುರುಳಿ ಹಾಕಿದ್ದರು. ಹಾಗಾಗಿ ಪಕ್ಕದ ಗೋಮಾಳದ ಹುಲ್ಲಿನಲ್ಲೇ ಇಳಿಸುವುದೆಂದಾಯಿತು. ಅನ್ವರ್ ಕೈಯಿಂದ ಎಸೆಯಲು ಸಿದ್ಧನಾದ.

"ತಾಳು," ಅಂದಳು ಅಕ್ಕಯ್ಯಮ್ಮ. ಮುಚ್ಚಳ ತೆಗೆಸಿದಳು. ಬ್ಯಾಟರಿಯನ್ನು ಈಚೆಗೆ ತೆಗೆಸಿದಳು. ಅದರ ಕೆಳಗೆ ನೋಡಿದಳು, ಗಾಳಿಯ ಬಾಯೊಳಗೆ ಬೆರಳಾಡಿಸಿದಳು, ಬಾಲ ಹಿಸುಕಿದಳು. ಎರಡು ಬೆರಳ ಮೇಲೆ ಎತ್ತಿ ನೋಡುವ ಗೋಜಿಗೇ ಹೋಗಲಿಲ್ಲ.

ಜೆಟ್ ಸಿಳ್ಳೆ ಹಾಕುತ್ತ ಮೇಲೆದ್ದಿತು. ಸರ್ ಹೇಳಿಕೊಟ್ಟಿದ್ದ ಹಾಗೆಯೇ, ನೆಟ್ಟಗೆ ಈ ತುದಿಯಿಂದ ಆ ತುದಿಗೆ, ಪಕ್ಕದಲ್ಲೇ ವಾಪಸ್. ಆ ಅಭ್ಯಾಸ ಕೈಗೆ ಬಂತು. ಊರವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಅಕ್ಕಯ್ಯಮ್ಮ ಮಾತ್ರ ಒಂದು ಸಲವೂ ಆಕಾಶ ನೋಡಲಿಲ್ಲ. ನನ್ನ ಕೈಗಳನ್ನೇ ನೋಡುತ್ತ ನಿಂತಿದ್ದಳು.

ಇಳಿಸಿದ ಮೇಲೆ ಕೈ ಚಾಚಿದಳು. "ಫೋಟೋ ಇರೋ ಚೂರು ಕೊಡು." ಕ್ಯಾಮೆರಾದ ಕಾರ್ಡು ತೆಗೆದು ಕೊಟ್ಟೆ. ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ಫೋಟೋಗಳು ಆಫೀಸಿಗೆ ಹೋದವು. ಈ ಹೊತ್ತಿನವರೆಗೂ ಆ ಹೊಲ ಅವಳದೇ. ನಾಳೆಯ ಮಾತು ನಾನು ಹೇಳಲಾರೆ, ಅವಳೂ ಹೇಳುವುದಿಲ್ಲ.

ಡಬ್ಬಿ, ಚೀಲ ಎತ್ತಿಕೊಂಡು ಹೊರಟಾಗ ಅವಳು ಮನೆಯ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ಕರೆದಳು.

"ಮುದ್ದೆ ಆಗೈತೆ. ಉಂಡ್ಕೊಂಡ್ ಹೋಗ್ರಪ್ಪಾ. ಚೀಲ ಮಾತ್ರ ಹೊರಗಿಟ್ಟು ಬನ್ನಿ."

ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಚೀಲವನ್ನು ಜಗಲಿಯ ಮೇಲಿಟ್ಟು, ಕಾಲು ತೊಳೆದುಕೊಂಡು ಒಳಗೆ ಹೋದೆ.